ಕೇಂದ್ರದಲ್ಲಿರುವವರ ಹಲ್ಲು, ಆರೋಗ್ಯ, ಆಸ್ಪತ್ರೆ: ಹಾಸನದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ವಸತಿ ಕೇಂದ್ರಗಳಲ್ಲಿರುವ, ಹದಿನೆಂಟು ದಾಟಿದ ವಿಕಲಚೇತನರ ಬಗ್ಗೆ ಮನೆಯವರೂ ಸಿಬ್ಬಂದಿಯೂ ಕೇಳುವ ಪ್ರಶ್ನೆಗಳಿವು. ಕೆಲವು ಫೋನಿನಲ್ಲಿ ಬಂದವು, ಕೆಲವು ಪತ್ರದಲ್ಲಿ, ಜಾಸ್ತಿ ಬಂದಿದ್ದು ಒಪಿಡಿ ಮುಂದಿನ ಬೆಂಚಿನ ಮೇಲೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಆಶ್ರಮ, ಹೋಮ್, ಹಾಸ್ಟೆಲ್ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನಾನು ಎಲ್ಲಕ್ಕೂ ಕೇಂದ್ರ ಅಂತಲೇ ಬರೆಯುತ್ತೇನೆ.

## ಮೊದಲ ಮಾತು

ನಮ್ಮಣ್ಣನ್ನ ಆಶ್ರಮಕ್ಕೆ ಸೇರಿಸಿದ್ದೀವಿ. ಇನ್ನು ಆಸ್ಪತ್ರೆ ಓಡಾಟ ಎಲ್ಲ ಅವರದೇ ಅಲ್ವಾ?

ದಿನದಿನದ ಓಡಾಟ ಅವರದ್ದೇ. ಜ್ವರ ಬಂದರೆ ತೋರಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ವರ್ಷಕ್ಕೊಮ್ಮೆ ಪೂರ್ತಿ ಚೆಕಪ್ ಮಾಡಿಸುವುದು ಕೇಂದ್ರದ ಕೆಲಸ. ಆದರೆ ನಿಮ್ಮಣ್ಣನಿಗೆ ಚಿಕ್ಕಂದಿನಲ್ಲಿ ಯಾವ ಇಂಜೆಕ್ಷನ್ ಒಗ್ಗಿರಲಿಲ್ಲ, ಫಿಟ್ಸ್ ಮೊದಲು ಯಾವಾಗ ಬಂತು, ಯಾವ ಮಾತ್ರೆಗೆ ಮೈಯೆಲ್ಲ ದದ್ದು ಎದ್ದಿತ್ತು ಅನ್ನುವುದು ಗೊತ್ತಿರುವುದು ನಿಮಗೆ ಮಾತ್ರ. ಸೇರಿಸುವ ದಿನ ಅದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ, ಜೆರಾಕ್ಸ್ ನಿಮ್ಮ ಹತ್ತಿರ ಇರಲಿ. ನೋಡಿಕೊಳ್ಳುವ ಸಿಬ್ಬಂದಿ ಬದಲಾಗುತ್ತಲೇ ಇರುತ್ತಾರೆ. ಹಳಬರು ಹೋದಾಗ ಅವರ ತಲೆಯಲ್ಲಿದ್ದದ್ದೂ ಅವರ ಜೊತೆಗೇ ಹೋಗುತ್ತದೆ.

ಇನ್ನೊಂದು ವಿಷಯ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪ್ರಕಾರ ಇಂಥ ಕೇಂದ್ರ ನೋಂದಣಿ ಆಗಿರಬೇಕು. ಮಾನಸಿಕ ಕಾಯಿಲೆಯವರ ಕೇಂದ್ರವಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ. ಪತ್ರ ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಮಗನಿಗೆ ಮಾತು ಬರಲ್ಲ. ಹಲ್ಲುನೋವು ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?

ಅವನ ನಡವಳಿಕೆಯಿಂದ ಗೊತ್ತಾಗುತ್ತದೆ. ಕೆನ್ನೆಗೆ ಹೊಡೆದುಕೊಳ್ಳುವುದು, ಕೈ ಕಚ್ಚಿಕೊಳ್ಳುವುದು, ಒಂದೇ ಕಡೆ ಅಗಿಯುವುದು, ರಾತ್ರಿ ಎದ್ದು ಕೂರುವುದು, ಮುಖ ತೊಳೆಸಲು ಬಂದರೆ ತಳ್ಳುವುದು. ಇದ್ದಕ್ಕಿದ್ದಂತೆ ಗಲಾಟೆ ಶುರುವಾದರೆ ಮೊದಲು ಬಾಯಿ ನೋಡಿ. ಆಮೇಲೆ ಕಿವಿ, ಹೊಟ್ಟೆ, ಮೂತ್ರ. ಎಷ್ಟೋ ಸಲ "ಹುಚ್ಚು ಜಾಸ್ತಿಯಾಗಿದೆ" ಅಂತ ನಿದ್ದೆ ಬರುವ ಮಾತ್ರೆ ಏರಿಸಿಬಿಡುತ್ತಾರೆ. ಕೀವಾದ ಹಲ್ಲು ಹಾಗೇ ಇರುತ್ತದೆ.

ನಮ್ಮ ಕಡೆಯವರು ಮೋಸ ಹೋಗುವುದು ಒಂದು ಕಡೆ. "ಚೆನ್ನಾಗಿ ಊಟ ಮಾಡ್ತಾನೆ, ಹಲ್ಲಿಗೇನೂ ಆಗಿಲ್ಲ" ಅನ್ನುತ್ತಾರೆ. ಏನು ಊಟ ಅಂತ ಕೇಳಿದರೆ ಮುದ್ದೆ, ಸಾರು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರಾ? ಬಾಯಿತುಂಬ ಹುಳುಕಿದ್ದರೂ ಎರಡು ಮುದ್ದೆ ಸಲೀಸಾಗಿ ಇಳಿಯುತ್ತದೆ. ಅಕ್ಕಿ ರೊಟ್ಟಿ, ಕೋಡುಬಳೆ, ಸೀಬೆಹಣ್ಣು ಕೊಟ್ಟು ನೋಡಿ. ಮೊದಲು ಕೈಚಾಚಿ ತಿನ್ನುತ್ತಿದ್ದವನು ಈಗ ಬೇಡ ಅಂದರೆ ಹಲ್ಲಿನ ಡಾಕ್ಟರಿಗೆ ತೋರಿಸಿ.

ಹಲ್ಲು ಉಜ್ಜಿಸೋದೇ ದೊಡ್ಡ ಯುದ್ಧ. ಬಾಯೇ ಬಿಡಲ್ಲ, ಬಿಟ್ಟರೆ ಕಚ್ತಾರೆ. ಏನ್ ಮಾಡೋದು?

ಎದುರಿಗೆ ನಿಲ್ಲಬೇಡಿ. ಮುಖದ ಹತ್ತಿರಕ್ಕೆ ಕೈ ತಂದರೆ ಯಾರಾದರೂ ಹೆದರುತ್ತಾರೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ನೀವು ಹಿಂದೆ ನಿಂತು, ಅವರ ತಲೆ ನಿಮ್ಮ ಹೊಟ್ಟೆಗೆ ಒರಗುವ ಹಾಗೆ ಮಾಡಿಕೊಳ್ಳಿ. ಚಿಕ್ಕ ತಲೆಯ ಮೆತ್ತನೆ ಬ್ರಷ್, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಉಗುಳಲು ಬಾರದವರಿಗೆ ಇನ್ನೂ ಕಡಿಮೆ, ಬ್ರಷ್‌ಗೆ ಸವರಿದಷ್ಟು. ಕಚ್ಚುವವರಿಗೆ ದಪ್ಪ ಹಿಡಿಯ ಇನ್ನೊಂದು ಬ್ರಷ್ ಕಚ್ಚಲು ಕೊಟ್ಟು, ಇನ್ನೊಂದು ಬದಿ ಉಜ್ಜಿ. ಹಲ್ಲುಗಳ ನಡುವೆ ಬೆರಳು ಮಾತ್ರ ಬೇಡ.

ತಾವೇ ಉಜ್ಜಿಕೊಳ್ಳಬಲ್ಲವರಿಗೆ ಹಿಡಿತದ್ದೇ ಕಷ್ಟವಾದರೆ ಸೈಕಲ್ ಹ್ಯಾಂಡಲ್‌ನ ರಬ್ಬರ್ ಹಿಡಿ ತಂದು ಬ್ರಷ್‌ಗೆ ತೊಡಿಸಿ. ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ಅವರು ಉಜ್ಜಿಕೊಂಡ ಮೇಲೆ ನೀವೊಮ್ಮೆ ಒಳಭಾಗ ನೋಡಿ. ಬೆಳಿಗ್ಗೆ ಆಗಲೇ ಇಲ್ಲ ಅಂದರೆ ರಾತ್ರಿಯದ್ದನ್ನಂತೂ ಬಿಡಬೇಡಿ. ಬಾಯಿ ಕ್ಲೀನಾಗಿದ್ದರೆ ಲಾಭ ಹಲ್ಲಿಗೆ ಮಾತ್ರ ಅಲ್ಲ. ನುಂಗಲು ತೊಂದರೆ ಇರುವವರಲ್ಲಿ ಬಾಯಿಯ ಕೊಳೆ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದಿರುವುದು) ಇರುವವರಿಗೆ ಇದು ದೊಡ್ಡ ಅಪಾಯ. ಅವರನ್ನು ಮಲಗಿಸಿ ಉಜ್ಜಬೇಡಿ, ಕೂರಿಸಿ ಉಜ್ಜಿ.

ಎಲ್ಲರ ಬ್ರಷ್ ಒಂದೇ ಡಬ್ಬದಲ್ಲಿ ನಿಲ್ಲಿಸಿರುವುದು ಕಂಡರೆ ದಯವಿಟ್ಟು ಜಗಳ ತೆಗೆಯಿರಿ. ಹೆಸರು ಬರೆದ ಒಂದೊಂದು ಬ್ರಷ್, ಒಂದೊಂದು ಲೋಟ. ಇದಕ್ಕೇನೂ ಅನುದಾನ ಬೇಕಾಗಿಲ್ಲ.

ಎಲೆಅಡಿಕೆ, ಕಡ್ಡಿಪುಡಿ ಬಿಡಿಸೋಕೆ ಆಗ್ತಿಲ್ಲ. ವಯಸ್ಸಾಗಿದೆ, ಪಾಪ ಅಂತ ಕೊಡ್ತೀವಿ. ತಪ್ಪಾ?

ಕಡ್ಡಿಪುಡಿ ಅಂದರೆ ತಂಬಾಕು, ಕೊಡಬೇಡಿ. ಪಾಪ ಅಂತ ಕೊಡುವುದು ಬಾಯಿ ಕ್ಯಾನ್ಸರ್‌ಗೆ ದಾರಿ. ಅಡಿಕೆಯೂ ಸಾಚಾ ಅಲ್ಲ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ತೆರೆಯುವುದು ಕಮ್ಮಿಯಾಗುವುದು, ಇದರಲ್ಲಿ ಯಾವುದು ಕಂಡರೂ ಕಾಯದೆ ತೋರಿಸಿ.

## ಆಸ್ಪತ್ರೆಗೆ ಹೋಗುವುದು

ಹಾಸನದಲ್ಲಿ ಮೊದಲು ಎಲ್ಲಿಗೆ ಕರ್ಕೊಂಡು ಹೋಗೋದು?

ಮೈಗೆ ಸಂಬಂಧಿಸಿದ್ದಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಿಂದಲೇ ಶುರು ಮಾಡಿ. ಹಾಸನದ ದೊಡ್ಡಾಸ್ಪತ್ರೆಗೆ ಬರುವಾಗ ಅಲ್ಲಿನ ರೆಫರಲ್ ಚೀಟಿ ಇದ್ದರೆ ಮುಂದೆ ಯೋಜನೆಗಳಿಗೆ ಅನುಕೂಲ. ದೊಡ್ಡಾಸ್ಪತ್ರೆ ಅಂದರೆ ಹಿಮ್ಸ್‌ಗೆ (ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು) ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ. ಹಲ್ಲಿಗೆ ಊರಲ್ಲೇ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ದಂತ ಕಾಲೇಜಿನಲ್ಲಿ ಖರ್ಚು ಕಮ್ಮಿ, ಹೊತ್ತು ಜಾಸ್ತಿ. ವಿದ್ಯಾರ್ಥಿಗಳು ನೋಡುತ್ತಾರೆ, ಮೇಲೆ ಅಧ್ಯಾಪಕರು ನೋಡುತ್ತಾರೆ. ಕಾಯುವುದಕ್ಕೆ ಆಗದವರ ಬಗ್ಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಚಿಕ್ಕಮಗಳೂರಿನ ಕಡೆಯವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಮಾತು, ಕೇಳಿಸುವುದು, ನುಂಗುವ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಮಾನಸಿಕ ಕಾಯಿಲೆಗೆ ಸೀದಾ ನಿಮ್ಹಾನ್ಸ್‌ಗೆ ಓಡಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ವಿಚಾರಿಸಿಕೊಳ್ಳಿ. ಫೋನಿನಲ್ಲಿ ಸಲಹೆ ಬೇಕಾದರೆ ಟೆಲಿ ಮಾನಸ್, 14416.

ಹಾಸನಾಂಬೆ ದರ್ಶನದ ದಿನಗಳಲ್ಲಿ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ. ಊರೊಳಗೆ ವ್ಯಾನ್ ಅಲ್ಲಾಡುವುದಿಲ್ಲ, ಒಳಗಿರುವವರು ಗಾಬರಿಯಾಗುತ್ತಾರೆ.

ಜೊತೆಗೆ ಯಾರು ಹೋಗ್ಬೇಕು? ನಮ್ಮಲ್ಲಿ ಡ್ರೈವರ್ ಒಬ್ಬನೇ ಬಿಡುವಾಗಿರೋದು.

ಡ್ರೈವರ್ ಬರಲಿ. ಆದರೆ ಅವರನ್ನು ದಿನಾ ನೋಡಿಕೊಳ್ಳುವವರು ಬರಲೇಬೇಕು. ಈ ಪುಟದಲ್ಲಿ ನಾನು ಹಟ ಹಿಡಿದು ಹೇಳುವ ಮಾತು ಇದೊಂದೇ. ಡಾಕ್ಟರು ಕೇಳುವ ಪ್ರಶ್ನೆ ತೀರಾ ಸಾದಾ: ಎಷ್ಟು ದಿನದಿಂದ? ಮಲವಿಸರ್ಜನೆ ಸರಿಯಾಗಿ ಆಗುತ್ತಿದೆಯಾ? ನಿನ್ನೆ ರಾತ್ರಿ ನಿದ್ದೆ ಮಾಡಿದರಾ? ಇದಕ್ಕೆ ಡ್ರೈವರ್ "ಗೊತ್ತಿಲ್ಲ ಸಾರ್" ಅಂದರೆ ಡಾಕ್ಟರು ಮೇಲುಮೇಲೆ ನೋಡಿ ಒಂದು ಗ್ಯಾಸ್ ಮಾತ್ರೆ ಬರೆಯುತ್ತಾರೆ. ಅವರದ್ದು ತಪ್ಪು ಅನ್ನಲೂ ಆಗುವುದಿಲ್ಲ. ಸರ್ಕಾರಿ ಒಪಿಡಿಯಲ್ಲಿ ಅವರಿಗೆ ಸಿಗುವುದೇ ಎರಡು ಮೂರು ನಿಮಿಷ.

ನೋಡಿಕೊಳ್ಳುವ ಅಕ್ಕ ಬರಲು ಆಗಲೇ ಇಲ್ಲ ಅಂದರೆ, ಅವರ ಕೈಯಲ್ಲಿ ಅರ್ಧ ಪುಟ ಬರೆಸಿ. ಜೊತೆಗೆ ಅವರ ಫೋನ್ ನಂಬರ್, ಮತ್ತು ಆ ಹೊತ್ತಿಗೆ ಫೋನ್ ಎತ್ತಬೇಕು ಅನ್ನುವ ಮಾತು.

ಕೈಯಲ್ಲಿ ಏನೇನ್ ಇರ್ಬೇಕು?

ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್, ಹಳೆ ಚೀಟಿಗಳು. ಇವಕ್ಕಿಂತ ಮುಖ್ಯ ಮಾತ್ರೆಗಳು. ಪಟ್ಟಿಯಲ್ಲಿ ತಪ್ಪಿರಬಹುದು, ಅದಕ್ಕೇ ಸ್ಟ್ರಿಪ್ ಸಮೇತ ಕವರಿನಲ್ಲಿ ಹಾಕಿಕೊಂಡು ಹೋಗಿ. ಯುಡಿಐಡಿ ಇನ್ನೂ ಆಗಿಲ್ಲವಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೋ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೋ ಹಿಡಿಯಿರಿ. ಅರ್ಜಿ ಹಾಕಿಸುವುದು ಅವರ ಕೆಲಸ.

ಎರಡು ಗಂಟೆ ಕ್ಯೂನಲ್ಲಿ ನಿಲ್ಲಿಸಿದ್ರೆ ಕಿರುಚಾಡ್ತಾನೆ. ಮುಂದೆ ಬಿಡಿ ಅಂದ್ರೆ ಜನ ಜಗಳಕ್ಕೆ ಬರ್ತಾರೆ.

2016ರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ವಿಕಲಚೇತನರನ್ನು ನೋಡುವುದರಲ್ಲೂ ಚಿಕಿತ್ಸೆಯಲ್ಲೂ ಆದ್ಯತೆ ಕೊಡುವ ವ್ಯವಸ್ಥೆ ಆಗಬೇಕು. ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳ ಎಲ್ಲ ಭಾಗಕ್ಕೂ ಅಡ್ಡಿಯಿಲ್ಲದೆ ಹೋಗುವಂತಿರಬೇಕು. ಇದನ್ನು ಕ್ಯೂನಲ್ಲಿರುವವರ ಹತ್ತಿರ ವಾದ ಮಾಡಬೇಡಿ, ಅವರೂ ಬೆಳಿಗ್ಗೆ ಐದಕ್ಕೆ ಬಸ್ ಹತ್ತಿ ಬಂದವರು. ಕೌಂಟರಿನಲ್ಲಿ ಯುಡಿಐಡಿ ತೋರಿಸಿ ನರ್ಸ್ ಹತ್ತಿರ ಹೇಳಿ. ಆಗದಿದ್ದರೆ ಒಬ್ಬರು ಕ್ಯೂನಲ್ಲಿ, ಇನ್ನೊಬ್ಬರು ಅವನ ಜೊತೆ ಹೊರಗೆ ವ್ಯಾನಿನಲ್ಲಿ. ಸರದಿ ಬಂದಾಗ ಫೋನ್.

ಡಾಕ್ಟರೇ ಕೇಂದ್ರಕ್ಕೆ ಬರಬಹುದಲ್ವಾ?

ಬರಬಹುದು. ದಂತ ಕಾಲೇಜುಗಳಲ್ಲಿ ಸಮುದಾಯ ದಂತವೈದ್ಯ ವಿಭಾಗ ಅಂತ ಇರುತ್ತದೆ, ಶಿಬಿರ ಮಾಡುವುದು ಅವರ ಪಾಠದಲ್ಲೇ ಇದೆ. ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಿರಿ. ಎಷ್ಟು ಜನ, ಗಾಲಿಕುರ್ಚಿಯವರು ಎಷ್ಟು, ಫಿಟ್ಸ್ ಇರುವವರು ಎಷ್ಟು ಅಂತ ಅದರಲ್ಲಿ ಇರಲಿ. ಆದರೆ ಶಿಬಿರದಲ್ಲಿ ಫೋಟೋ ಜಾಸ್ತಿ, ಚಿಕಿತ್ಸೆ ಕಮ್ಮಿ ಆಗುವುದೂ ಉಂಟು. ಹುಳುಕು ಎಣಿಸಿ ಬಾಳೆಹಣ್ಣು ಹಂಚಿ ಹೋದರೆ ಏನು ಬಂತು? ಯಾರಿಗೆ ಯಾವ ಚಿಕಿತ್ಸೆ, ಯಾವ ತಾರೀಕಿಗೆ ಅನ್ನುವ ಪಟ್ಟಿ ಅವತ್ತೇ ಬರೆಸಿಕೊಳ್ಳಿ.

ರಾತ್ರಿ ಫಿಟ್ಸ್ ಬಂದು ನಿಲ್ಲದಿದ್ರೆ?

ಐದು ನಿಮಿಷ ದಾಟಿದರೆ 108. ಐದು ನಿಮಿಷದೊಳಗೆ ನಿಂತರೂ ಪ್ರಜ್ಞೆ ಬರುವ ಮೊದಲೇ ಇನ್ನೊಂದು ಬಂದರೆ ಆಗಲೂ 108. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ, ಮುಖಕ್ಕೆ ನೀರು, ಯಾವುದೂ ಬೇಡ. ಚಮಚ ತುರುಕಿದಾಗ ಮುರಿಯುವುದು ಮುಂದಿನ ಹಲ್ಲು. ಹತ್ತಿರ ಇರುವುದು ಖಾಸಗಿ ಆಸ್ಪತ್ರೆಯಾದರೆ ಅಲ್ಲಿಗೇ ಹೋಗಿ. ತುರ್ತು ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎಲ್ಲ ವೈದ್ಯರ ಕರ್ತವ್ಯ ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

## ಮಾತ್ರೆ ಮತ್ತು ಚಿಕಿತ್ಸೆ

ಫಿಟ್ಸ್ ಮಾತ್ರೆಯಿಂದ ಒಸಡು ಊದಿಕೊಳ್ಳುತ್ತಾ? ನಿಲ್ಲಿಸಿಬಿಡೋಣ್ವಾ?

ಫೆನಿಟೋಯಿನ್ ಮಾತ್ರೆಯಿಂದ ಒಸಡು ಬೆಳೆಯುವುದು ನಿಜ. ಮುಂದಿನ ಹಲ್ಲುಗಳ ನಡುವೆ ಗುಲಾಬಿ ಗಂಟಿನ ಹಾಗೆ ಶುರುವಾಗಿ, ಬಿಟ್ಟರೆ ಅರ್ಧ ಹಲ್ಲು ಮುಚ್ಚುತ್ತದೆ. ಮುಟ್ಟಿದರೆ ರಕ್ತ. ಬಿಪಿಯ ಆಮ್ಲೋಡಿಪಿನ್ ಮಾತ್ರೆಯೂ ಕೆಲವರಲ್ಲಿ ಹೀಗೇ ಮಾಡುತ್ತದೆ. ಆದರೆ ಫಿಟ್ಸ್ ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಒಮ್ಮೆಲೇ ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು. ಹಲ್ಲಿನ ಡಾಕ್ಟರ ಹತ್ತಿರ "ಒಸಡು ಬೆಳೆದಿದೆ" ಅಂತ ಬರೆಸಿಕೊಂಡು ಫಿಟ್ಸ್ ಡಾಕ್ಟರಿಗೆ ತೋರಿಸಿ. ಬದಲಿ ಮಾತ್ರೆ ಇದ್ದರೆ ಅವರೇ ನಿಧಾನವಾಗಿ ಬದಲಾಯಿಸುತ್ತಾರೆ. ಬಾಯಿ ಕ್ಲೀನಾಗಿಟ್ಟರೆ ಬೆಳವಣಿಗೆ ಕಮ್ಮಿಯಾಗುತ್ತದೆ.

ಬೇರೆ ಮಾತ್ರೆಗಳೂ ಬಾಯಿಗೆ ತಟ್ಟುತ್ತವೆ. ಟ್ರೈಹೆಕ್ಸಿಫೆನಿಡಿಲ್, ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತವೆ. ಎಂಜಲು ಕಮ್ಮಿಯಾದರೆ ಹುಳುಕು ಬೇಗ, ಮಲಬದ್ಧತೆಯೂ ಜೊತೆಗೆ. ಮಾನಸಿಕ ಕಾಯಿಲೆಯ ಕ್ಲೋಜಪಿನ್ ಇದಕ್ಕೆ ಉಲ್ಟಾ, ಜೊಲ್ಲು ಸುರಿಸುತ್ತದೆ. ಆ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುವವರಿಗೆ ರಕ್ತ ನಿಲ್ಲುವುದು ತಡವಾಗಬಹುದು, ಹಲ್ಲು ಕೀಳುವ ಮೊದಲೇ ಹೇಳಿ. ಸಕ್ಕರೆ ಪಾಕದಂಥ ಸಿರಪ್ ರಾತ್ರಿ ಕೊಟ್ಟರೆ ಬಾಯಿ ಒರೆಸಿ ಮಲಗಿಸಿ.

"ಇವರಿಗೆ ಸಿಮೆಂಟ್ ಎಲ್ಲ ಯಾಕೆ, ಕಿತ್ತುಹಾಕ್ಸಿ" ಅಂದ್ರು. ಸರಿನಾ?

ಉಳಿಸಲಾಗದ ಹಲ್ಲಾದರೆ ಸರಿ. "ಇವರಿಗೆ ಯಾಕೆ" ಅನ್ನುವುದು ಕಾರಣವಾದರೆ ಸರಿಯಲ್ಲ. ಮಾತು ಬರುವ, ಕೆಲಸಕ್ಕೆ ಹೋಗುವ ಅವರ ತಮ್ಮನಿಗೆ ಇದೇ ಹಲ್ಲಿಗೆ ಏನು ಮಾಡುತ್ತಿದ್ದರು ಅಂತ ಕೇಳಿ ನೋಡಿ. ಹಲ್ಲೆಲ್ಲ ಹೋದ ಮೇಲೆ ಕಟ್ಟಿಸಿದ ಸೆಟ್ ಹಾಕಿಕೊಳ್ಳುವುದು ಇವರಲ್ಲಿ ಎಷ್ಟೋ ಜನಕ್ಕೆ ಆಗುವುದಿಲ್ಲ, ಫಿಟ್ಸ್ ಇರುವವರಿಗೆ ಅದು ಗಂಟಲಿಗೆ ಸಿಕ್ಕಿಕೊಳ್ಳುವ ಭಯವೂ ಇದೆ. ಅದಕ್ಕೇ ಇರುವ ಹಲ್ಲಿಗೆ ಬೆಲೆ ಜಾಸ್ತಿ.

ನಡುವಿನ ದಾರಿಯೂ ಇದೆ. ಡ್ರಿಲ್ ಸದ್ದಿಗೇ ಹೆದರುವವರಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವವನ್ನು ಹುಳುಕಿಗೆ ಹಚ್ಚುತ್ತಾರೆ. ಸೂಜಿ ಇಲ್ಲ, ಕೊರೆಯುವುದಿಲ್ಲ, ಹುಳುಕು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆ ಜಾಗ ಕಪ್ಪಾಗುತ್ತದೆ, ಅಷ್ಟೆ. ದವಡೆ ಹಲ್ಲಿಗೆ ಕಪ್ಪಾದರೆ ಯಾರು ನೋಡುತ್ತಾರೆ?

ಪೂರ್ತಿ ಮಲಗಿಸಿ ಮಾಡ್ಬೇಕು ಅಂದಿದ್ದಾರೆ. ಭಯ ಆಗ್ತಿದೆ.

ಕೆಲವರಿಗೆ ಅದೇ ಒಳ್ಳೆಯದು. ನಾಲ್ಕು ಜನ ಹಿಡಿದು ಒತ್ತಿ ಒಂದು ಹಲ್ಲು ಕಿತ್ತರೆ, ಮುಂದಿನ ಸಲ ಅವರು ಆಸ್ಪತ್ರೆಯ ಗೇಟೂ ದಾಟುವುದಿಲ್ಲ. ಆದರೆ ಇದು ಅರಿವಳಿಕೆ ತಜ್ಞರು, ಆಪರೇಷನ್ ಥಿಯೇಟರ್ ಇರುವ ಕಡೆ ಮಾತ್ರ ಆಗಬೇಕು. ಮೊದಲೇ ಹೇಳಬೇಕಾದ್ದು: ಫಿಟ್ಸ್, ಹೃದಯದ ತೊಂದರೆ, ನುಂಗುವ ಕಷ್ಟ, ಹಿಂದೆ ಅರಿವಳಿಕೆ ಕೊಟ್ಟಾಗ ಏನಾಯಿತು. ಡೌನ್ ಸಿಂಡ್ರೋಮ್ ಇರುವವರ ಕತ್ತಿನ ಮೂಳೆ ಸಡಿಲ ಇರಬಹುದು, ಹೃದಯದಲ್ಲಿ ರಂಧ್ರ ಇರಬಹುದು, ಥೈರಾಯ್ಡ್ ಕಮ್ಮಿ ಇರಬಹುದು. ಮೂರನ್ನೂ ನೆನಪು ಮಾಡಿ.

ಗಟ್ಟಿ ಊಟ ಆರು ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರು ಎರಡು ಗಂಟೆ ಮೊದಲು. ಕೇಂದ್ರದಲ್ಲಿ ಇದು ತಪ್ಪುವುದು ಸುಲಭ. ಪಕ್ಕದ ಹಾಸಿಗೆಯವರು ಪ್ರೀತಿಯಿಂದ ಒಂದು ಬಿಸ್ಕತ್ ಕೊಟ್ಟಿರುತ್ತಾರೆ. ಬೆಳಗಿನ ಫಿಟ್ಸ್ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಕೊಡಬೇಕಾ ಅಂತ ಅರಿವಳಿಕೆ ಡಾಕ್ಟರನ್ನೇ ಕೇಳಿ, ಸಾಮಾನ್ಯವಾಗಿ ಕೊಡಿ ಅನ್ನುತ್ತಾರೆ.

ಒಂದು ಉಪಾಯ: ಎಚ್ಚರವಿದ್ದಾಗ ಮಾಡಿಸಿಕೊಳ್ಳದೆ ಉಳಿದ ಕೆಲಸಗಳನ್ನೂ ಅದೇ ಹೊತ್ತಿನಲ್ಲಿ ಮಾಡಿಸಿ ಅಂತ ಕೇಳಿ. ರಕ್ತ ತೆಗೆಯುವುದು, ಕಿವಿಯ ಗುಗ್ಗೆ, ಕಣ್ಣಿನ ಪರೀಕ್ಷೆ, ಉಗುರು. ವಿಭಾಗಗಳ ನಡುವೆ ಮಾತಾಡಿಸುವುದಕ್ಕೆ ನೀವೇ ಓಡಾಡಬೇಕಾಗುತ್ತದೆ. ಆದರೂ ಕೇಳುವುದರಲ್ಲಿ ನಷ್ಟವಿಲ್ಲ.

## ದುಡ್ಡು, ಸಹಿ, ಹಕ್ಕು

ಕೇಂದ್ರಕ್ಕೆ ಸೇರಿಸಿದ ಮೇಲೆ ರೇಷನ್ ಕಾರ್ಡಿಂದ ಹೆಸರು ತೆಗೆಸಿದ್ವಿ. ಈಗ ಆಯುಷ್ಮಾನ್ ಆಗಲ್ಲ ಅಂತಾರೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಉಳಿದವರಿಗೆ ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಬಿಪಿಎಲ್ ಅಂತ ಗುರುತಿಸುವುದು ರೇಷನ್ ಕಾರ್ಡಿನಿಂದಲೇ. ಹಾಗಾಗಿ ಕಾರ್ಡಿಂದ ಹೆಸರು ತೆಗೆಸುವ ಮೊದಲು ಹತ್ತು ಸಲ ಯೋಚಿಸಿ. ತೆಗೆಸಿ ಆಗಿದ್ದರೆ ಆಹಾರ ಇಲಾಖೆಯಲ್ಲಿ ಮತ್ತೆ ಸೇರಿಸಲು ಅರ್ಜಿ ಕೊಡಿ. ಈ ಯೋಜನೆ ಮುಖ್ಯವಾಗಿ ಅಡ್ಮಿಟ್ ಆಗುವ ಕಾಯಿಲೆಗಳಿಗೆ. ಹಲ್ಲು ಕ್ಲೀನಿಂಗ್, ಸಿಮೆಂಟ್‌ಗೆ ಇದನ್ನು ನಂಬಿಕೊಳ್ಳಬೇಡಿ.

ನಿರಾಮಯ ಅಂದ್ರೇನು? ಎಲ್ಲರಿಗೂ ಸಿಗುತ್ತಾ?

ಎಲ್ಲರಿಗೂ ಇಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ಆರೋಗ್ಯ ವಿಮೆ ಇದು, ವರ್ಷಕ್ಕೆ 1 ಲಕ್ಷದವರೆಗೆ. ವಯಸ್ಸಿನ ಮಿತಿ ಇಲ್ಲ, ಸೇರುವ ಮೊದಲು ವೈದ್ಯಕೀಯ ಪರೀಕ್ಷೆಯೂ ಇಲ್ಲ. ಒಪಿಡಿ, ಔಷಧ, ಥೆರಪಿ ಮತ್ತು ಹಲ್ಲಿನ ಆರೈಕೆಗೂ ಇದರಲ್ಲಿ ಪಾಲಿದೆ. ಒಂದೊಂದಕ್ಕೂ ಒಳಮಿತಿ ಇರುತ್ತದೆ. ಮೊದಲು ನೀವು ಕಟ್ಟಿ, ಆಮೇಲೆ ಬಿಲ್ ಕಳಿಸಿ ವಾಪಸ್ ಪಡೆಯಬೇಕು. ಪ್ರತಿ ವರ್ಷ ನವೀಕರಣ ಮರೆಯುವುದೇ ನಮ್ಮಲ್ಲಿ ದೊಡ್ಡ ಕಾಯಿಲೆ.

ನಮ್ಮಕ್ಕನಿಗೆ 34. ಆಪರೇಷನ್‌ಗೆ ಸಹಿ ಅಪ್ಪ ಹಾಕ್ಬೇಕಾ, ಹೋಮ್‌ನವರಾ?

ಮೊದಲು ನಿಮ್ಮಕ್ಕನನ್ನೇ ಕೇಳಿ. ಬುದ್ಧಿಮಾಂದ್ಯ ಅಂತ ಸರ್ಟಿಫಿಕೇಟ್ ಇದೆ ಅಂದಮಾತ್ರಕ್ಕೆ ಏನೂ ಅರ್ಥವಾಗುವುದಿಲ್ಲ ಅಂತಲ್ಲ. ಚಿತ್ರ ತೋರಿಸಿ, ಕುರ್ಚಿಯಲ್ಲಿ ಸುಮ್ನೆ ಕೂರಿಸಿ, ಕನ್ನಡಿ ಕೊಟ್ಟು ಹೇಳಿದರೆ ಎಷ್ಟೋ ಜನ ಹೂಂ, ಊಹೂಂ ಸ್ಪಷ್ಟವಾಗಿ ಹೇಳುತ್ತಾರೆ.

ಅವರಿಂದ ಆಗಲೇ ಇಲ್ಲ ಅಂದರೆ? ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಇದನ್ನು ಕೇಳಿದಾಗ ಬಹಳ ಜನ ಬೆಚ್ಚುತ್ತಾರೆ. ಮೇಲೆ ಹೇಳಿದ ನಾಲ್ಕು ಬಗೆಯವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಅದರಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ತಂದೆತಾಯಿ, ಬಂಧುಗಳು, ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು. ಮಾನಸಿಕ ಕಾಯಿಲೆಯವರು 2017ರ ಕಾಯ್ದೆಯಲ್ಲಿ ತಮ್ಮ ಪ್ರತಿನಿಧಿಯನ್ನು ಹೆಸರಿಸಬಹುದು, ಆದರೆ ಅದು ಮಾನಸಿಕ ಚಿಕಿತ್ಸೆಯ ಮಟ್ಟಿಗೆ. ಬೇರೆಯವರಿಗೆ 2016ರ ಕಾಯ್ದೆಯ 14ನೇ ಸೆಕ್ಷನ್ ಕೆಳಗೆ ಸೀಮಿತ ಪಾಲಕತ್ವ ಇದೆ.

ಆಪರೇಷನ್ ನಾಳೆ ಇದ್ದು ಇವತ್ತು ಅರ್ಜಿ ಹಾಕಿದರೆ ಆಗುವುದಿಲ್ಲ. ಅವರು ಆರಾಮಾಗಿರುವಾಗಲೇ ಮಾಡಿಸಿಟ್ಟುಕೊಳ್ಳಿ. ಪ್ರಾಣಾಪಾಯದ ತುರ್ತು ಮಾತ್ರ ಸಹಿಗೆ ಕಾಯುವುದಿಲ್ಲ.

ತಿಂಗಳ ಮುಟ್ಟು ನೋಡಿಕೊಳ್ಳೋದು ಕಷ್ಟ, ಗರ್ಭಕೋಶ ತೆಗೆಸಿಬಿಡಿ ಅಂತ ಹೋಮ್‌ನವರು ಹೇಳ್ತಾರೆ.

ಒಪ್ಪಬೇಡಿ. ಸಿಬ್ಬಂದಿಯ ಅನುಕೂಲಕ್ಕೆ ಒಬ್ಬರ ಅಂಗ ತೆಗೆಯುವಂತಿಲ್ಲ. ಮಕ್ಕಳಾಗದಂತೆ ಮಾಡುವ ಯಾವ ವೈದ್ಯಕೀಯ ಕ್ರಮವನ್ನೂ ಆ ವ್ಯಕ್ತಿಯ ಮುಕ್ತ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಮಾಡಬಾರದು ಅಂತ 2016ರ ಕಾಯ್ದೆಯ 10ನೇ ಸೆಕ್ಷನ್ ಇದೆ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ಕೇಂದ್ರದ ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ಹೀಗೆ ಗರ್ಭಕೋಶ ತೆಗೆದಾಗ ದೇಶವೆಲ್ಲ ಗಲಾಟೆಯಾಗಿತ್ತು. 2009ರಲ್ಲಿ ಚಂಡೀಗಢದ ಸರ್ಕಾರಿ ಕೇಂದ್ರದ ಯುವತಿಯೊಬ್ಬಳ ಪ್ರಕರಣದಲ್ಲಿ, ಗರ್ಭ ಉಳಿಸಿಕೊಳ್ಳುವ ಅವಳ ಇಷ್ಟವನ್ನು ಮೀರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಕಷ್ಟ ಇರುವುದು ಸುಳ್ಳಲ್ಲ. ರಕ್ತಸ್ರಾವ ಜಾಸ್ತಿಯಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಹಿಮೋಗ್ಲೋಬಿನ್ ನೋಡಿಸಿ. ಮಾತ್ರೆ, ಇಂಜೆಕ್ಷನ್, ಕಾಪರ್-ಟಿಯ ಹಾಗೆ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಹೀಗೆ ವಾಪಸ್ ತೆಗೆಯಬಹುದಾದ ದಾರಿಗಳಿವೆ. ಪ್ಯಾಡ್ ಬದಲಿಸುವುದನ್ನು ದಿನಾ ತೋರಿಸಿಕೊಟ್ಟರೆ ಕಲಿಯುವವರು ನೀವಂದುಕೊಂಡದ್ದಕ್ಕಿಂತ ಜಾಸ್ತಿ.

"ಇಂಥವರನ್ನ ನೋಡೋಕಾಗಲ್ಲ" ಅಂತ ವಾಪಸ್ ಕಳಿಸಿದ್ರು. ಯಾರಿಗೆ ಹೇಳೋದು?

ಅಲ್ಲೇ ಶುರು ಮಾಡಿ. ಯಾಕೆ ನೋಡಲಿಲ್ಲ ಅಂತ ಒಪಿಡಿ ಚೀಟಿಯಲ್ಲೇ ಬರೆದುಕೊಡಿ ಅನ್ನಿ. ಬರೆಯಬೇಕು ಅಂದಾಗ ಎಷ್ಟೋ ಸಲ ನೋಡಿಯೇ ಕಳಿಸುತ್ತಾರೆ. ನೋಡಲಾಗದಿದ್ದರೆ ಎಲ್ಲಿಗೆ ಹೋಗಬೇಕು ಅನ್ನುವ ರೆಫರಲ್ ಆದರೂ ಕೈಗೆ ಬರಲಿ.

ಸರ್ಕಾರಿ ಆಸ್ಪತ್ರೆಯಾದರೆ ವೈದ್ಯಕೀಯ ಅಧೀಕ್ಷಕರಿಗೆ ಲಿಖಿತ ದೂರು ಕೊಡಿ.  ಒಂದು ಪ್ರತಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ, ಇನ್ನೊಂದು ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರಿಗೆ. ಆಯುಕ್ತರಿಗೆ ಸಾಕ್ಷಿ ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಇದೆ. ವಕೀಲರು ಬೇಕಾದರೆ ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ವಿಕಲಚೇತನರಿಗೆ ಅಲ್ಲಿ ವಕೀಲರು ಉಚಿತ, ಆದಾಯ ಎಷ್ಟು ಅಂತ ನೋಡುವುದಿಲ್ಲ.

ದೂರಿನಲ್ಲಿ ಬೈಗುಳ ಬೇಡ. ತಾರೀಕು, ಹೊತ್ತು, ವಿಭಾಗ, ಅವರು ಆಡಿದ ಮಾತು, ಆಮೇಲೆ ಚಿಕಿತ್ಸೆ ಎಲ್ಲಿ ಸಿಕ್ಕಿತು, ಎಷ್ಟು ತಡವಾಯಿತು. ಒಂದು ಪುಟ ಸಾಕು. ಒಪಿಡಿ ಚೀಟಿಯ ಜೆರಾಕ್ಸ್ ಅದಕ್ಕೆ ಪಿನ್ ಮಾಡಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬನ್ನಿ.